ಇಲಿದಾರಿಯ ಗೆಳತಿಯರು

ಬುಸಿಯಾ, ಕೀನ್ಯಾ ಕಡೆ
4 ಮಾರ್ಚ್ 2015

ತಾಕಕ್ಕಾ,

ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೆರಡನೆಯ ಸಲ ಎತ್ತಿದವಳು ನಿನ್ನ ನಾದಿನಿ. “ಅಕ್ಕ ಮನೇಲಿಲ್ಲ” ಅಂದಳು. ಅವಳ ಬೆನ್ನ ಹಿಂದೆಯೇ ನೀನು ಕೆಮ್ಮಿದ್ದು ಕೇಳಿಸಿತು. ಇಪ್ಪತ್ತೆರಡು ವರ್ಷ ಆ ಕೆಮ್ಮನ್ನೇ ಗುರುತಿಟ್ಟುಕೊಂಡು ಮಬ್ಬುಗತ್ತಲಲ್ಲಿ ನಿನ್ನ ಜೊತೆ ಮೂಟೆ ಹೊತ್ತವಳು ನಾನು. ನನ್ನ ಕಣ್ಣಿಗೆ ಮಣ್ಣೆರಚಬಹುದು, ಕಿವಿಗೆ ಆಗುವುದಿಲ್ಲ.

ಅದಕ್ಕೇ ಈ ಕಾಗದ. ಮಕೋಖಾನ ಕೈಲಿ ಕಳಿಸುತ್ತಿದ್ದೇನೆ. ಎರಡು ಮೈಲಿ ದೂರಕ್ಕೆ ಕಾಗದ ಬರೆಯುವ ಹೆಂಗಸನ್ನು ಅವನು ಅರವತ್ತು ವರ್ಷದಲ್ಲಿ ಕಂಡಿಲ್ಲವಂತೆ. ಬಹಳ ನಕ್ಕ. ಸೈಕಲ್ ಬಾಡಿಗೆಯನ್ನು ಮಾತ್ರ ನಗದೆ ತೆಗೆದುಕೊಂಡ.

ಜನವರಿಯ ಆ ಬೆಳಗಿನ ಮಾತು ನೀನು ಎತ್ತುವ ಮೊದಲು ನಾನೇ ಎತ್ತುತ್ತೇನೆ. ಇಬ್ಬರ ತಲೆಯ ಮೇಲೂ ಕಾಳಿನ ಮೂಟೆ ಇತ್ತು. ಗಡಿಯ ಗೇಟು ತಪ್ಪಿಸಿ ನುಸುಳುವ ನಮ್ಮ ಇಲಿದಾರಿಯಲ್ಲಿ ಆ ಬಾಳೆತೋಟದ ಹತ್ತಿರ ಸಮವಸ್ತ್ರದವರು ಎದ್ದು ಬಂದರು. ನಾನು ಓಡಿದೆ. ಹಿಂತಿರುಗಿ ನೋಡಲಿಲ್ಲ. ನೀನು ಚರಂಡಿಗೆ ಬಿದ್ದೆ, ಮಂಡಿ ಮುರಿಯಿತು. ನಾನು ಮರಳಿ ಬಂದಾಗ ಅಲ್ಲಿ ನೀನಿರಲಿಲ್ಲ, ಕೆಸರಿನ ತುಂಬ ನಿನ್ನ ಕೆಂಪು ಕಾಳು ಚೆಲ್ಲಿತ್ತು. ಆಸ್ಪತ್ರೆಗೆ ಬಂದೆ. ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ರಾಗಿಹಿಟ್ಟು ಕಳಿಸಿದೆ. ಕಟ್ಟಿದ ಗಂಟು ಬಿಚ್ಚದೆಯೇ ವಾಪಸು ಬಂತು. ಓಡಿದ್ದು ತಪ್ಪು. ಇದನ್ನು ನಿನ್ನ ಮುಖ ನೋಡಿ ಹೇಳಬೇಕೆಂದಿದ್ದೆ, ನೀನು ಮುಖ ಕೊಡಲಿಲ್ಲ.

ಈಗ ಇನ್ನೊಂದು ಸುದ್ದಿ. ಕಳೆದ ವಾರ ನಮ್ಮ ಸಂತೆಗೆ ಗೇಟಿನ ಕಡೆಯಿಂದ ಒಬ್ಬ ಹೆಂಗಸು ಬಂದಿದ್ದಳು, ಅಸೆಕೆನ್ಯೆ ಅಂತ. ನಿಮ್ಮ ಕಡೆಯ ಗೇಟಿನ ಪಕ್ಕದಲ್ಲಿ ಮೇಜು ಹಾಕಿಕೊಂಡು ಕೂತು ನಮ್ಮಂಥ ವ್ಯಾಪಾರದ ಹೆಂಗಸರಿಗೆ ದಾರಿ ಹೇಳುವುದೇ ಅವಳ ಕೆಲಸವಂತೆ. ಕಾಳು, ಜೋಳ, ಕಡಲೆಕಾಯಿ, ಮೊಟ್ಟೆ, ಒಣಮೀನು ಇವೆಲ್ಲ ನಮ್ಮ ದೇಶಗಳ ಮಣ್ಣಲ್ಲಿ, ನೀರಲ್ಲಿ ಆದದ್ದಾದರೆ ಗೇಟಿನಲ್ಲಿ ಸುಂಕವೇ ಇಲ್ಲವಂತೆ. ಅರುಷಾ ಪಟ್ಟಣದಲ್ಲಿ ನಮ್ಮ ಸುತ್ತಿನ ಐದು ದೇಶದವರು ಕೂತು ಸಹಿ ಹಾಕಿ ಎಷ್ಟೋ ವರ್ಷವಾಯಿತಂತೆ. ಒಂದು ಫಾರಂ, ಒಂದು ಮೊಹರು, ಅಷ್ಟೆ. ನಾವು ಇಲ್ಲದ ಸುಂಕಕ್ಕೆ ಹೆದರಿ ಇಲಿಗಳ ಹಾಗೆ ಬಿಲದಲ್ಲಿ ಓಡಾಡಿದ್ದೇವೆ, ಆ ದಾರಿ ಕಾಯುವ ಪೋಕರಿಗಳಿಗೆ ದಕ್ಷಿಣೆ ಬೇರೆ ಕೊಟ್ಟಿದ್ದೇವೆ.

ಬುಮಾಲಾದ ಹಾಸ್ಟೆಲ್ ಶಾಲೆಯವರು ಜುಲೈಯಿಂದ ತಿಂಗಳು ತಿಂಗಳೂ ಕಾಳು ಬೇಕು ಅನ್ನುತ್ತಿದ್ದಾರೆ. ಮುನ್ನೂರು ಮಕ್ಕಳು. ಮೊದಲ ಕಂತು ಜುಲೈ ಹದಿನೈದರೊಳಗೆ. ಆದರೆ ಮೊಹರಿನ ಕಾಗದ ಇಲ್ಲದ ಕಾಳನ್ನು ಅವರ ಉಗ್ರಾಣದವನು ಮುಟ್ಟುವುದಿಲ್ಲ. ನಿನ್ನ ಬುಗಿರಿಯ ರೈತರ ಕಾಳಿನಂಥದ್ದು ಈ ಕಡೆ ಇಲ್ಲ. ನೀನು ಗೇಟಿನಲ್ಲಿ ಬಂದರೆ ನಮ್ಮಿಬ್ಬರಿಗೂ ಜೀವನವಾಯಿತು.

ಇಲ್ಲಿ ಎಲ್ಲ ಸರಿ. ಈಸ್ಟರ್ ಬರುತ್ತಿದೆಯಲ್ಲ, ಬಾಗಿಲಿಗೆ ಹೊಸ ಬಣ್ಣ ಹೊಡೆಸಿದೆ. ನಿನಗೆ ಹಳೆಯ ಬಣ್ಣವೂ ಗೊತ್ತಿಲ್ಲ, ಬಿಡು. ಬೆಳಕು ಹರಿಯುವ ಮೊದಲು ಬಂದು ಬೆಳಕು ಹರಿಯುವ ಮೊದಲೇ ಹೋಗುತ್ತಿದ್ದವಳು.

ನಿನ್ನ ತಂಗಿ, ನೀನು ಒಪ್ಪಿದರೆ,
ನಸಿರುಂಬಿ


ಬುಸಿಯಾ, ಉಗಾಂಡಾ ಕಡೆ
19 ಮಾರ್ಚ್

ನಸಿರುಂಬಿ,

ಕಾಗದ ಮುಟ್ಟಿತು. ನನಗಿಂತ ಮೊದಲು ಮಕೋಖಾ ಓದಿದ್ದಾನೆ. ಅಂಟಿಸದೆ ಕೊಟ್ಟರೆ ಇನ್ನೇನಾಗುತ್ತದೆ. “ಪಾಪ, ಬಹಳ ನೊಂದ್ಕೊಂಡು ಬರ್ದಿದಾಳೆ” ಎಂದು ಬಾಗಿಲಲ್ಲೇ ಅರ್ಥ ಬಿಡಿಸಿ ಹೇಳಿದ.

ಪಟ್ಟಿ ಬಿಚ್ಚಿದ್ದಾರೆ. ಮಂಡಿ ಪೂರ್ತಿ ಮಡಚುವುದಿಲ್ಲ. ಕೋಲು ಹಿಡಿದು ಬಾವಿಯವರೆಗೆ ಹೋಗಿ ಬರುತ್ತೇನೆ, ನೀರು ತರಲಿಕ್ಕಲ್ಲ, ಬಾವಿ ಅಲ್ಲೇ ಇದೆಯೇ ಎಂದು ನೋಡಲಿಕ್ಕೆ. ಐವತ್ತೆಂಟು ವರ್ಷಕ್ಕೆ ನಾದಿನಿ ಸೇದಿ ತಂದ ನೀರಲ್ಲಿ ಮೀಯುವ ಯೋಗ ಬಂತು.

ಗೇಟಿನ ಕಥೆಯನ್ನು ನನಗೆ ಹೇಳಬೇಡ. ನಮ್ಮಮ್ಮ ಚಿಕ್ಕಮ್ಮನ ಮದುವೆಗೆಂದು ಎರಡು ಸೇರು ಉಪ್ಪು ತರುತ್ತಿದ್ದಾಗ ಅದೇ ಗೇಟಿನಲ್ಲಿ ಕಿತ್ತುಕೊಂಡು ನೆಲಕ್ಕೆ ಸುರಿದರು. ಅವಳು ಕೈಮುಗಿದು ಮದುವೆಯ ವಿಷಯ ಹೇಳಿದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು. ನಾನು ಪಕ್ಕದಲ್ಲಿ ನಿಂತಿದ್ದೆ, ಆರು ವರ್ಷದವಳು. ಗೇಟು ಇರುವುದು ಲಾರಿಗಳಿಗೆ. ನಮಗೆ ದೇವರು ಪೊದೆ ಕೊಟ್ಟಿದ್ದಾನೆ.

ಅರುಷಾದವರು ಸಹಿ ಹಾಕಿದರೆ ಹಾಕಲಿ. ಅವರ ಪೆನ್ನಿನ ಶಾಯಿ ನಮ್ಮ ಬುಸಿಯಾದವರೆಗೆ ಹರಿದು ಬರುವುದರೊಳಗೆ ಒಣಗಿರುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಒಂದು ಪ್ರಶ್ನೆ ಎರಡು ತಿಂಗಳಿಂದ ಗಂಟಲಲ್ಲಿ ಮುಳ್ಳಿನಂತೆ ಕೂತಿದೆ, ಕೇಳಿಬಿಡುತ್ತೇನೆ. ಅವತ್ತು ಅವರು ಎದ್ದು ಬಂದ ಮೇಲೆ ನೀನು ಓಡಲಿಲ್ಲ. ಅವರು ಏಳುವ ಮೊದಲೇ ಓಡಿದೆ. ನಿನಗೆ ಹೇಗೆ ಗೊತ್ತಾಯಿತು?

ತಾಕಾ


ಬುಸಿಯಾ, ಕೀನ್ಯಾ ಕಡೆ
2 ಏಪ್ರಿಲ್

ತಾಕಕ್ಕಾ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಿನ್ನ ಪ್ರಶ್ನೆ ಓದಿ ನಾನು ಎರಡು ಹೆಗಲನ್ನೂ ಮುಟ್ಟಿ ನೋಡಿಕೊಂಡೆ. ನಾನು ಯಾರಿಗೂ ಸುಳಿವು ಕೊಟ್ಟವಳಲ್ಲ. ಗಂಡನ ಸಮಾಧಿಯ ಮೇಲೆ ಕೈಯಿಟ್ಟು ಹೇಳುತ್ತೇನೆ.

ಗೊತ್ತಾದದ್ದು ನಾಯಿಯಿಂದ. ಬಾಳೆತೋಟದ ಮನೆಯ ಆ ಕುಂಟುನಾಯಿ ನಮ್ಮನ್ನು ಕಂಡರೆ ದಿನಾ ಬೊಗಳುತ್ತಿತ್ತಲ್ಲ, ಅವತ್ತು ಬೊಗಳಲಿಲ್ಲ. ಯಾರೋ ಅದಕ್ಕೆ ತಿನ್ನಲು ಹಾಕಿ ಸುಮ್ಮನಾಗಿಸಿದ್ದಾರೆ ಎಂದು ಹೊಳೆಯಿತು. ನಿನಗೆ ಹೇಳಿ ಓಡಬೇಕಿತ್ತು. ಹೇಳದೆ ಓಡಿದೆ. ನನ್ನ ಪಾಪ ಅಷ್ಟು. ಅದು ಸಣ್ಣದು ಅನ್ನುತ್ತಿಲ್ಲ.

ನೀನು ನಂಬುವುದಿಲ್ಲವೆಂದು ಗೇಟನ್ನು ನಾನೇ ಪರೀಕ್ಷೆ ಮಾಡಿ ಬಂದೆ. ಮಂಗಳವಾರ ನಿಮ್ಮ ಕಡೆಯ ಸಂತೆಯಲ್ಲಿ ಒಂದು ಬುಟ್ಟಿ ಕಡಲೆಕಾಯಿ ಕೊಂಡೆ. ನಿನ್ನ ಮನೆ ಅಲ್ಲಿಂದ ಕೂಗಳತೆ. ಬರಲಿಲ್ಲ, ಧೈರ್ಯ ಸಾಲಲಿಲ್ಲ. ಅಸೆಕೆನ್ಯೆ ಫಾರಂ ತುಂಬಿಸಿದಳು. ಕಿಟಕಿಯವನು ಮೊಹರು ಒತ್ತಿದ, ಹೋಗು ಅಂದ. ನಾನು ನಿಂತೇ ಇದ್ದೆ. “ಇನ್ನೇನಮ್ಮಾ?” ಅಂದ. ಬೈಯುವುದು ಇನ್ನೂ ಬಾಕಿ ಇದೆಯಲ್ಲ ಎಂದು ಕಾಯುತ್ತಿದ್ದೆ, ಅಕ್ಕಾ. ಆಮೇಲೆ ನಡೆಯಲು ಹೊರಟರೆ ಕಾಲು ತಾನಾಗಿ ರಸ್ತೆಯ ಅಂಚಿನ ಚರಂಡಿಯ ಕಡೆಗೇ ತಿರುಗುತ್ತದೆ. ಬುಟ್ಟಿಯ ಮೇಲೆ ಸೆರಗು ಹೊದಿಸಿಕೊಂಡಿದ್ದೆ. ನಮ್ಮ ಕಡೆಯ ಪೊಲೀಸಿನವನು ನಕ್ಕು, ಕೂಸು ಮಲಗಿದೆಯಾ ಎಂದು ಕೇಳಿದ. ನಡುರಸ್ತೆಯಲ್ಲಿ, ಹಾಡಹಗಲು, ಎರಡು ಲಾರಿಗಳ ನಡುವೆ ನಡೆದುಕೊಂಡು ಬಂದೆ. ಮನೆಗೆ ಬಂದು ಅಳು ಬಂತು. ಯಾಕೆಂದು ಗೊತ್ತಿಲ್ಲ.

ಪಟ್ಟಿ ಇರುವ ಕರಪತ್ರ ಇದರ ಜೊತೆ ಇಟ್ಟಿದ್ದೇನೆ. ನನ್ನ ಹತ್ತಿರ ಇರುವುದು ಇದೊಂದೇ. ಕಾಳು ಮೂರನೆಯ ಸಾಲಿನಲ್ಲಿದೆ, ನೀನೇ ಓದಿಕೋ. ಈ ಸಲ ಲಕೋಟೆಯನ್ನು ಮೈದಾಗಂಜಿ ಹಾಕಿ ಅಂಟಿಸಿದ್ದೇನೆ. ಮಕೋಖಾನಿಗೆ ಬೇಜಾರಾಗಿದೆ.

ನಸಿರುಂಬಿ


ಬುಸಿಯಾ, ಉಗಾಂಡಾ ಕಡೆ
20 ಏಪ್ರಿಲ್

ನಸಿರುಂಬಿ,

ಮೂರನೆಯ ಸಾಲು ಓದಿದೆ. ಕಾಳು ಇದೆ. ನೀನು ಹೇಳಿದ್ದು ನಿಜ.

ಆಮೇಲೆ ಹಾಳೆಯನ್ನು ತಿರುಗಿಸಿದೆ.

ಹಿಂಬದಿಯಲ್ಲಿ ನಿನ್ನ ಕೈಬರಹ ಇದೆ. ಸಕ್ಕರೆ ನಾಲ್ಕು ಕಿಲೋ. ಚಹಾಪುಡಿ ದೊಡ್ಡ ಪೊಟ್ಟಣ ಎರಡು. ಸೀಮೆಎಣ್ಣೆ. ಅಕ್ಕಿ ತಾಕಕ್ಕ ತರುತ್ತಾಳೆ. ದೊಡ್ಡ ಬೋಗುಣಿ ಚರ್ಚಿನಿಂದ ಕೇಳುವುದು.

ಇದು ಮಕೋಖಾನ ಹೆಂಡತಿ ತೀರಿಕೊಂಡಾಗ ಬಂದವರಿಗೆ ಅಡುಗೆ ಮಾಡಲು ನೀನು ಬರೆದ ಪಟ್ಟಿ. ಅಕ್ಕಿ ತಂದವಳು ನಾನೇ. ಆ ಬೋಗುಣಿಯನ್ನು ಇಬ್ಬರೂ ಹಿಡಿದು ಇಳಿಸಿದ್ದೆವು, ನಿನ್ನ ಕೈ ಸುಟ್ಟಿತ್ತು. ಅದು ಎರಡು ಸಾವಿರದ ಹದಿಮೂರರ ಆಗಸ್ಟ್.

ಕಳೆದ ವಾರ ಬಂದಳಂತೆ ಸಂತೆಗೆ ಆ ಹೆಂಗಸು. ಕಳೆದ ವಾರ.

ಒಂದೂವರೆ ವರ್ಷ ಈ ಕಾಗದ ನಿನ್ನ ಹತ್ತಿರ ಇತ್ತು. ಒಂದೂವರೆ ವರ್ಷ, ವಾರಕ್ಕೆ ಎರಡು ಸಲ, ಗೊತ್ತಿದ್ದೂ ಗೊತ್ತಿದ್ದೂ ನನ್ನನ್ನು ಆ ಕೆಸರಿನಲ್ಲಿ ನಡೆಸಿದೆ. ನನ್ನ ಮಂಡಿ ಸುಂಕದವರು ಮುರಿದದ್ದಲ್ಲ. ನೀನು ಮುರಿದದ್ದು. ಸುಳಿವು ಕೊಟ್ಟೆಯೇ ಎಂದು ಕೇಳಿದ್ದಕ್ಕೆ ಸಮಾಧಿಯ ಮೇಲೆ ಆಣೆ ಇಟ್ಟೆ. ಇದರ ಮೇಲೆ ಇಡು ನೋಡೋಣ.

ಕಾಗದ ಬರೆಯಬೇಡ. ಬರೆದರೆ ಒಲೆಗೆ ಹಾಕುತ್ತೇನೆ.

ತಾಕಾ


ಬುಸಿಯಾ, ಕೀನ್ಯಾ ಕಡೆ
3 ಮೇ

ತಾಕಕ್ಕಾ,

ಒಲೆಗೆ ಹಾಕುವ ಮೊದಲು ಓದು. ಆಮೇಲೆ ಹಾಕು.

ಆಣೆ ಇಡುವುದಿಲ್ಲ. ನನಗೆ ಗೊತ್ತಿತ್ತು. ಹದಿಮೂರರ ಜುಲೈನಲ್ಲಿ ಅಸೆಕೆನ್ಯೆ ಸಂತೆಯಲ್ಲಿ ಆ ಹಾಳೆ ಕೊಟ್ಟಳು. ಅಲ್ಲೇ ನಿಂತು ಎರಡು ಸಲ ಓದಿದೆ. ಖುಷಿಯಾಗಬೇಕಿತ್ತು, ಅಲ್ಲವೇ? ನನಗೆ ಕಾಲ ಕೆಳಗಿನ ನೆಲ ಜಾರಿದ ಹಾಗಾಯಿತು.

ಯಾಕೆ ಅನ್ನುತ್ತೀಯಾ. ಗಂಡ ಸತ್ತ ಮೇಲೆ ಅವನ ಅಣ್ಣಂದಿರು ಹೊಲ ಬಿಟ್ಟುಕೊಡಲಿಲ್ಲ. ಸಂತೆಯಲ್ಲಿ ನನಗೊಂದು ಕಟ್ಟೆ ಇಲ್ಲ, ಕೈಯಲ್ಲಿ ಬಂಡವಾಳ ಇಲ್ಲ. ನನ್ನ ಹತ್ತಿರ ಇದ್ದದ್ದು ಆ ಇಲಿದಾರಿ ಒಂದೇ. ಯಾವ ಬೆಳಗ್ಗೆ ಹೋಗಬೇಕು, ಯಾರಿಗೆ ಸಲಾಮು ಹೊಡೆಯಬೇಕು, ಯಾವ ಬೇಲಿ ಸಂದಿಯಲ್ಲಿ ನುಸುಳಬೇಕು, ಅದು ನನಗೆ ಗೊತ್ತು ಎನ್ನುವುದಕ್ಕೇ ನೀನು ನನ್ನನ್ನು ಜೊತೆಗಿಟ್ಟುಕೊಂಡಿದ್ದೆ. ನೀನು ಹಾಗೆ ಯಾವತ್ತೂ ಅಂದಿಲ್ಲ. ನಾನೇ ಅಂದುಕೊಂಡೆ. ತಾಕಕ್ಕ ನೆಟ್ಟಗೆ ಗೇಟಿನಲ್ಲಿ ಬಂದರೆ ನೆಟ್ಟಗೆ ಸಂತೆಗೇ ಹೋಗುತ್ತಾಳೆ. ನಡುವೆ ನಾನು ಯಾಕೆ ಬೇಕು?

ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಂಡೆ. ಮೊದಲ ವಾರ ಹೇಳದೆ ಹೋದ ಮೇಲೆ ಎರಡನೆಯ ವಾರ ಹೇಳುವುದು ಇನ್ನೂ ಕಷ್ಟವಾಯಿತು. ವರ್ಷ ಕಳೆದ ಮೇಲೆ ಆ ಹಾಳೆಯನ್ನು ಸಕ್ಕರೆ ಡಬ್ಬಿಯ ಕೆಳಗೆ ತಳ್ಳಿದೆ. ಹಿಂದುಗಡೆ ಪಟ್ಟಿ ಬರೆದದ್ದು ನೆನಪೇ ಇರಲಿಲ್ಲ. ನೆನಪಿದ್ದಿದ್ದರೆ ಕಳಿಸುತ್ತಿರಲಿಲ್ಲ, ಇದನ್ನೂ ನಿಜವೇ ಹೇಳಿಬಿಡುತ್ತೇನೆ.

ನಿನ್ನ ಮಂಡಿ ನಾನು ಮುರಿದದ್ದು. ನೀನು ಬರೆದದ್ದು ಸರಿ.

ಶಾಲೆಯ ಉಗ್ರಾಣದವನಿಗೆ ನಿನ್ನ ಹೆಸರು ಕೊಟ್ಟು ಬಂದಿದ್ದೇನೆ. ನನ್ನದಲ್ಲ, ನಿನ್ನದೊಂದೇ. ಜುಲೈ ಹದಿನೈದು ಎಂದು ಇನ್ನೊಮ್ಮೆ ಹೇಳಿದ್ದಾನೆ. ಅಸೆಕೆನ್ಯೆ ಮಂಗಳವಾರ, ಗುರುವಾರ ಗೇಟಿನ ಎಡಕ್ಕೆ ನೀಲಿ ಕೊಡೆಯ ಕೆಳಗೆ ಕೂರುತ್ತಾಳೆ. ನೀನೇ ಹೋಗು, ನೀನೇ ಮಾರು. ನಾನು ದಾರಿಗೆ ಅಡ್ಡ ಬರುವುದಿಲ್ಲ.

ನಸಿರುಂಬಿ


ಬುಸಿಯಾ, ಕೀನ್ಯಾ ಕಡೆ
24 ಮೇ

ತಾಕಕ್ಕಾ,

ಮಕೋಖಾನನ್ನು ಪೀಡಿಸಿ ಪೀಡಿಸಿ ಕೇಳಿದೆ. “ಓದಿದ್ಲು. ಮಡಚಿದ್ಲು. ಒಲೆ ಕಡೆ ಹೋದ್ಲು. ಆಮೇಲೆ ವಾಪಸ್ ಬಂದು ಕಾಳಿನ ಡಬ್ಬದಲ್ಲಿ ಹಾಕಿದ್ಲು” ಅಂದ. ಅಷ್ಟು ಕೇಳಿ ಅವನಿಗೆ ಎರಡು ಮಂದಾಜಿ ಹೆಚ್ಚಿಗೆ ಕರಿದು ಕೊಟ್ಟೆ.

ಮಳೆ ಬಿಡುತ್ತಿಲ್ಲ. ಇಲಿದಾರಿ ಪೂರ್ತಿ ಕೊಚ್ಚಿಹೋಗಿದೆ. ಉತ್ತರ ಬೇಡ, ಕಾಲು ಹೇಗಿದೆ ಎಂದು ಮಕೋಖಾನಿಗೆ ಹೇಳಿದರೆ ಸಾಕು.

ನ.


ಬುಸಿಯಾ, ಉಗಾಂಡಾ ಕಡೆ
14 ಜೂನ್

ನಸಿರುಂಬಿ,

ಕಾಲು ಇದೆ. ಮಳೆ ಬರುವ ಮೊದಲೇ ಹೇಳುತ್ತದೆ. ಮನೆಗೊಂದು ರೇಡಿಯೋ ಉಳಿಯಿತು.

ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಡೆದದ್ದನ್ನು ಹೇಳಲಿಕ್ಕೆ ನನಗೆ ಬೇರೆ ಯಾರೂ ಇಲ್ಲ. ನಾದಿನಿಗೆ ಹೇಳಿದರೆ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಗೆ ಸೇರಿಸುತ್ತಾಳೆ.

ನಿನ್ನ ಮೇಲೆ ಸಿಟ್ಟಿಗೆ ಗೇಟಿಗೆ ಹೋದೆ. ಅವಳಿಲ್ಲದೆ ನಾನು ವ್ಯಾಪಾರ ಮಾಡಿ ತೋರಿಸುತ್ತೇನೆ ಎಂದು. ಮೊದಲ ಮಂಗಳವಾರ ಏನೂ ಹೊತ್ತುಕೊಂಡು ಹೋಗಲಿಲ್ಲ. ಎದುರುಗಡೆ ಟೈರ್ ಅಂಗಡಿಯ ಕಲ್ಲಿನ ಮೇಲೆ ಕೋಲು ಊರಿ ಕೂತು ನೋಡಿದೆ. ಅನಾನಸಿನವಳು ಹೋದಳು. ಮೊಟ್ಟೆಯವಳು ಹೋದಳು. ಮೂರುಗಾಲಿಯ ಗಾಡಿಯಲ್ಲಿ ಆ ಕುಂಟ ಹಾಡು ಹೇಳಿಕೊಂಡು ಸಾಬೂನಿನ ಪೆಟ್ಟಿಗೆ ತಂದ. ಯಾರ ಉಪ್ಪನ್ನೂ ಯಾರೂ ನೆಲಕ್ಕೆ ಸುರಿಯಲಿಲ್ಲ. ಗುರುವಾರ ಮತ್ತೆ ಹೋಗಿ ಕೂತೆ, ಎಲ್ಲೋ ಮೋಸ ಇರಬೇಕೆಂದು. ಟೈರ್ ಅಂಗಡಿಯವನು ನನಗೆ ಚಹಾ ತರಿಸಲು ಶುರು ಮಾಡಿದ.

ಮುಂದಿನ ಮಂಗಳವಾರ ಹತ್ತು ಕಿಲೋ ಕಾಳು ತಲೆಗೇರಿಸಿಕೊಂಡು ಹೋದೆ. ನೀಲಿ ಕೊಡೆಯ ಕೆಳಗೆ ನಿನ್ನ ಅಸೆಕೆನ್ಯೆ ಇದ್ದಳು. ಸಣ್ಣವಳು, ನನ್ನ ಕಿರಿಮಗಳ ವಯಸ್ಸು. ಕೂರಲಿಕ್ಕೆ ತನ್ನ ಕುರ್ಚಿಯನ್ನೇ ಕೊಟ್ಟಳು. ಹೆಸರು ಬರೆದುಕೊಂಡಳು. ತೂಕ ಬರೆದುಕೊಂಡಳು. ಆಮೇಲೆ ಕೇಳಿದಳು, “ಎಲ್ಲಿ ಬೆಳೆದಿದ್ದು ಈ ಕಾಳು?”

ನಾನು ಏನು ಹೇಳಿದೆ ಗೊತ್ತೇ? ನಿನಗೆ ಗೊತ್ತಿರುತ್ತದೆ. ಇಪ್ಪತ್ತೆರಡು ವರ್ಷದಿಂದ ಸಮವಸ್ತ್ರದವರು ಯಾರೇ ಕೇಳಲಿ, ಗಡಿ ದಾಟಿದ ಕಾಳಲ್ಲ ಎಂದು ತೋರಿಸಲು ನಾವಿಬ್ಬರೂ ಹೇಳುವುದು ಒಂದೇ. ಕಣ್ಣು ಮಿಟುಕಿಸದೆ ಹೇಳಿಬಿಟ್ಟೆ: “ಬುಮಾಲಾದ್ದು. ಕೀನ್ಯಾ ಕಡೇದು. ನನ್ನ ತಂಗಿ ಹೊಲದ್ದು.”

ಅವಳು ಪೆನ್ನು ಕೆಳಗಿಟ್ಟಳು. “ಅಲ್ಲಮ್ಮಾ, ಕೀನ್ಯಾದ ಕಾಳನ್ನ ಉಗಾಂಡಾಕ್ಕೆ ಹೊತ್ಕೊಂಡು ಬಂದು, ಮತ್ತೆ ಕೀನ್ಯಾಕ್ಕೇ ಹೊತ್ಕೊಂಡು ಹೋಗ್ತಿದೀರಾ? ಕಾಳಿಗೆ ಊರು ತೋರಿಸ್ತಿದೀರಾ?”

ಹಿಂದೆ ಸಾಲಿನಲ್ಲಿದ್ದವರು ನಕ್ಕರು. ನನ್ನ ಮುಖ ಒಲೆಯ ಹಾಗೆ ಕಾದುಹೋಯಿತು. ಆದರೂ ನಾಲಗೆ ಬಿಡಲಿಲ್ಲ, ಬುಮಾಲಾದ್ದೇ ಎಂದು ಇನ್ನೊಮ್ಮೆ ಹೇಳಿತು. ಅವಳು ಬಗ್ಗಿ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು. “ಅಜ್ಜೀ, ಇಲ್ಲಿ ನಿಜ ಹೇಳಿದ್ರೆ ಸುಂಕ ಇಲ್ಲ. ಸುಳ್ಳು ಹೇಳಿದ್ರೆ ನಾನು ಮೊಹರು ಹಾಕ್ಸೋಕಾಗಲ್ಲ.”

ಕಾಳು ಹೊತ್ತು ಮನೆಗೆ ವಾಪಸು ಬಂದೆ. ದಾರಿಯುದ್ದಕ್ಕೂ ಅವಳನ್ನು ಬೈದೆ, ನಿನ್ನನ್ನು ಬೈದೆ, ಅರುಷಾದವರನ್ನು ಬೈದೆ. ಮನೆಗೆ ಬಂದು ಡಬ್ಬಕ್ಕೆ ಕಾಳು ಸುರಿಯಲು ಹೋದರೆ ಒಳಗೆ ನಿನ್ನ ಮೇ ತಿಂಗಳ ಕಾಗದ. ಮತ್ತೆ ಓದಿದೆ. ನೆನಪಿದ್ದಿದ್ದರೆ ಕಳಿಸುತ್ತಿರಲಿಲ್ಲ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಬಹಳ ಹೊತ್ತು ನೋಡಿದೆ. ಅದನ್ನು ಬರೆಯದಿದ್ದರೂ ನಡೆಯುತ್ತಿತ್ತು. ಬರೆದೆ.

ಹಾಗಾದರೆ ನನ್ನದನ್ನೂ ಕೇಳು. ಬುಗಿರಿಯ ರೈತರು ಒರಟರು, ಹೊಸಬರನ್ನು ಕಂಡರೆ ಕತ್ತಿ ಹಿಡಿಯುತ್ತಾರೆ, ನನ್ನೊಬ್ಬಳಿಗೇ ಕಾಳು ಕೊಡುವುದು ಎಂದು ನಿನಗೆ ಎಷ್ಟು ಸಲ ಹೇಳಿದ್ದೇನೆ? ಅವರು ಹಸುವಿನಂಥ ಜನ. ಯಾರು ಹೋದರೂ ಬಾಳೆಹಣ್ಣು ಕೊಟ್ಟು ಕೂರಿಸುತ್ತಾರೆ. ನೀನು ನೆಟ್ಟಗೆ ಅವರ ಹತ್ತಿರವೇ ಹೋಗಿಬಿಟ್ಟರೆ ಎಂದು ಕತ್ತಿಯ ಕಥೆ ಕಟ್ಟಿದೆ. ನೀನು ಗೇಟನ್ನು ಬಚ್ಚಿಟ್ಟದ್ದು ಒಂದೂವರೆ ವರ್ಷ. ನಾನು ಹೊಲವನ್ನು ಬಚ್ಚಿಟ್ಟದ್ದು ಇಪ್ಪತ್ತೆರಡು ವರ್ಷ.

ಇದರಿಂದ ನನ್ನ ಮಂಡಿ ಮಡಚುವುದಿಲ್ಲ. ನಿನ್ನನ್ನು ಕ್ಷಮಿಸಿದೆ ಎಂದೂ ನಾನು ಬರೆದಿಲ್ಲ, ಮತ್ತೊಮ್ಮೆ ಓದಿ ನೋಡು. ಸಿಟ್ಟು ಇದೆ. ಆದರೆ ಮೊದಲು ಒಬ್ಬಳೇ ಕೂತು ಸಿಟ್ಟಾಗುತ್ತಿದ್ದೆ, ಈಗ ನಿನ್ನ ಎದುರಿಗೆ ಕೂತು ಸಿಟ್ಟಾಗಬೇಕು ಅನ್ನಿಸುತ್ತಿದೆ.

ಹೊಸ ಕಾಳು ಕೊಯ್ಲಿಗೆ ಬಂದಿದೆ.

ತಾಕಾ


ಬುಸಿಯಾ, ಕೀನ್ಯಾ ಕಡೆ
20 ಜೂನ್

ತಾಕಕ್ಕಾ,

ಕತ್ತಿಯ ಕಥೆ. ಅಯ್ಯೋ ನಿನ್ನ. ಬುಗಿರಿಯಿಂದ ಬಂದ ಬಸ್ಸು ಕಂಡರೂ ನಾನು ರಸ್ತೆ ದಾಟುತ್ತಿದ್ದೆನಲ್ಲೇ. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆ, ಆಮೇಲೆ ಅತ್ತೆ. ನಿನ್ನ ಮೇಲೆ ಸಿಟ್ಟಾಗಲು ಪ್ರಯತ್ನಪಟ್ಟೆ, ಸಾಮಗ್ರಿ ಸಾಲಲಿಲ್ಲ.

ಬುಮಾಲಾದ ತಂಗಿಯ ಹೊಲ ಅಂದೆಯಲ್ಲ. ನಿನಗೆ ಬುಮಾಲಾದಲ್ಲಿ ಬೇರೆ ತಂಗಿ ಇಲ್ಲ, ನನಗೆ ಹೊಲ ಇಲ್ಲ. ಇಷ್ಟು ವರ್ಷ ನಾವು ಸುಳ್ಳು ಸುಳ್ಳೇ ಬಿತ್ತಿದ ಆ ಹೊಲವನ್ನು ನೆನೆದುಕೊಂಡರೆ ನನಗೀಗಲೂ ಒಂಥರಾ ಆಸೆಯಾಗುತ್ತದೆ.

ಉಗ್ರಾಣದವನು ನಿನ್ನೆ ಹೇಳಿಕಳಿಸಿದ. ಹದಿನೈದರೊಳಗೆ ಬಾರದಿದ್ದರೆ ಕಿಟಾಲೆಯ ವ್ಯಾಪಾರಿಯೊಬ್ಬನಿಗೆ ವರ್ಷಪೂರ್ತಿ ಕೊಟ್ಟುಬಿಡುತ್ತಾನಂತೆ. ಹೆದರಿಸಲು ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಕಾಳನ್ನು ಚೆನ್ನಾಗಿ ಒಣಗಿಸು. ಸೀಸೆಗೆ ಒಂದು ಹಿಡಿ ಕಾಳು, ಒಂದು ಚಿಟಿಕೆ ಒಣ ಉಪ್ಪು ಹಾಕಿ ಅಲ್ಲಾಡಿಸು. ಉಪ್ಪು ಸೀಸೆಗೆ ಅಂಟಿದರೆ ಇನ್ನೂ ಹಸಿ. ಇದನ್ನು ನನಗೆ ಕಲಿಸಿದವಳು ನೀನೇ, ನಿನಗೇ ಹೇಳುತ್ತಿದ್ದೇನೆ, ನೋಡು.

ಯಾರ ಹೆಸರಿಗೆ ತರಬೇಕು ಎಂದು ಫಾರಂನಲ್ಲಿ ಒಂದು ಚೌಕದ ಮನೆ ಇದೆ. ಅಲ್ಲಿ ಶಾಲೆಯ ಹೆಸರು ಬರೆಸು. ಕಾಳು ನೆಟ್ಟಗೆ ಹೋಗುತ್ತದೆ, ನಡುವೆ ಯಾರೂ ಇರುವುದಿಲ್ಲ. ನಿಜವಾಗಿ ಹೇಳುತ್ತಿದ್ದೇನೆ, ಅಕ್ಕಾ. ಉಗ್ರಾಣದವನಿಗೂ ಹಾಗೆಯೇ ಹೇಳಿದ್ದೇನೆ.

ನೀನು ಬರುವ ದಿನ ನಾನು ಗೇಟಿನ ಈ ಕಡೆ ನಿಲ್ಲುವುದಿಲ್ಲ. ನಿಲ್ಲು ಅಂದರೆ ನಿಲ್ಲುತ್ತೇನೆ.

ನಿನ್ನ,
ನಸಿರುಂಬಿ


ಗೇಟಿನ ಬೆಂಚಿನ ಮೇಲಿಂದ, ಇನ್ನೂ ಉಗಾಂಡಾ ಕಡೆ
13 ಜುಲೈ, ಸೋಮವಾರ, ಬೆಳಗ್ಗೆ ಹತ್ತು ಗಂಟೆ

ನಸಿರುಂಬಿ,

ಇದನ್ನು ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮಕೋಖಾ ಸೈಕಲ್ ಹಿಡಿದು ಪಕ್ಕದಲ್ಲಿ ನಿಂತು ಬೇಗ ಬೇಗ ಅನ್ನುತ್ತಿದ್ದಾನೆ. ಸಾಲು ಉದ್ದ ಇದೆ. ಮುಂದೆ ಏಳು ಜನ.

ಆರು ಮೂಟೆ. ಕುಂಟನ ಮೂರುಗಾಲಿ ಗಾಡಿಯಲ್ಲಿ ನಾಲ್ಕು, ಇನ್ನೊಬ್ಬನದರಲ್ಲಿ ಎರಡು. ಉಪ್ಪು ಅಂಟಲಿಲ್ಲ, ಮೂರು ಸಲ ನೋಡಿದೆ.

ಇವತ್ತು ಸೋಮವಾರವಾದರೂ ಅಸೆಕೆನ್ಯೆ ನನಗೋಸ್ಕರ ಬಂದಿದ್ದಾಳೆ. ಎಲ್ಲಿ ಬೆಳೆದದ್ದು ಎಂದು ಕೇಳಿದಳು, ಮೂಗಿನಲ್ಲೇ ನಗುತ್ತ. ಇಡೀ ಗೇಟಿಗೆ ಕೇಳಿಸುವ ಹಾಗೆ ಹೇಳಿದೆ, ಬುಗಿರಿಯದ್ದು, ಉಗಾಂಡಾದ್ದು, ಇಲ್ಲಿಯದ್ದೇ. ಅಮ್ಮನ ಉಪ್ಪಿನ ಕಥೆಯನ್ನೂ ಹೇಳಿಬಿಟ್ಟೆ. ಸುಂಕದ ಕಿಟಕಿಯ ಮುಂದೆಯೇ ಕೂತು ಸುಖದುಃಖ ಹೇಳಿಕೊಂಡೆ, ಅವಳು ಪೂರ್ತಿ ಕೇಳಿದಳು.

ಆಮೇಲೆ ಆ ಮನೆ ಬಂತು. ಸರಕು ಯಾರಿಗೆ ಎನ್ನುವುದು. ಶಾಲೆಯ ಹೆಸರು ಬರೆಯಲಾ ಎಂದು ಕೇಳಿದಳು, ನೀನು ಅವಳಿಗೂ ಮೊದಲೇ ಹೇಳಿಟ್ಟಿದ್ದೀಯಂತೆ. ಪೆನ್ನು ಇಸಿದುಕೊಂಡು ನಾನೇ ಬರೆದೆ. ನನ್ನ ಅಕ್ಷರ ದೊಡ್ಡದು, ನಿನ್ನ ಹೆಸರು ಗೆರೆ ದಾಟಿ ಪಕ್ಕದ ಮನೆಗೆ ಹೋಯಿತು. ನಸಿರುಂಬಿ, ಬುಸಿಯಾ, ಕೀನ್ಯಾ. “ಇವ್ರು ನಿಮಗೆ ಏನಾಗ್ಬೇಕು ಅಜ್ಜೀ?” ಅಂದಳು. ಹಾಗೆ ಕೇಳುವುದು ಫಾರಂನಲ್ಲಿಲ್ಲ, ಅವಳ ಅಧಿಕಪ್ರಸಂಗ. ತಂಗಿ ಅಂದೆ. ಬುಮಾಲಾದವಳಾ ಅಂದಳು. ಅವಳ ಬೆನ್ನಿಗೊಂದು ಗುದ್ದಿದೆ.

ಉಗ್ರಾಣದವನ ಹತ್ತಿರ ನೀನೇ ಮಾತಾಡು. ನನಗೆ ಅವನ ಮುಖ ಪರಿಚಯವಿಲ್ಲ, ನಿನ್ನ ಹಾಗೆ ಮಾತಾಡಲೂ ಬರುವುದಿಲ್ಲ. ಬರುವ ತಿಂಗಳು ಬುಗಿರಿಗೆ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ, ಬಾಳೆಹಣ್ಣು ತಿನ್ನು.

ಈಗ ಮುಂದೆ ಮೂರೇ ಜನ. ಮಕೋಖಾ ಈ ಕಾಗದ ಹಿಡಿದು ಮುಂದೆ ಬರುತ್ತಾನೆ. ಅಂಟಿಸಿಲ್ಲ, ಓದಿಕೊಳ್ಳಲಿ. ನಾನು ಹಿಂದೆ ಬರುತ್ತೇನೆ, ಕೋಲು ಊರಿಕೊಂಡು, ನಡುರಸ್ತೆಯಲ್ಲೇ. ಗೇಟಿನ ಆ ಕಡೆ ನಿಲ್ಲಬೇಡ, ಎಲ್ಲರೆದುರು ಅತ್ತುಬಿಡುತ್ತೀಯ. ಮನೆಯಲ್ಲೇ ಇರು. ಮುದ್ದೆಗೆ ನೀರಿಡು. ಇವತ್ತು ನಾನು ಹೊರಗೆ ಬೆಳಕಿದೆಯೇ ಎಂದು ನೋಡಿಕೊಂಡು ಎದ್ದು ಓಡುವುದಿಲ್ಲ, ಕೂತು ಉಣ್ಣುತ್ತೇನೆ.

ಬಾಗಿಲಿನ ಬಣ್ಣ ಯಾವುದೆಂದು ಮಕೋಖಾ ಹೇಳಲು ಹೊರಟ. ಬಾಯಿ ಮುಚ್ಚಿಸಿದ್ದೇನೆ. ಬಂದು ನೋಡುತ್ತೇನೆ.

ನಿನ್ನ ಅಕ್ಕ,
ತಾಕಾ